ಒಂದೇ ಸಲ ಕೇಳುತ್ತಿದ್ದ ಅಮ್ಮ

ಕೊಳ್ಳೇಗಾಲದಲ್ಲಿ ನಾವು ಬಾಡಿಗೆಗಿರುವ ಮನೆಯ ಯಜಮಾನಿ ಅಮ್ಮನವರು ಹೋದ ವಾರ ಒಲೆ ಬಿಟ್ಟರು. ಗಾಬರಿಯಾಗಬೇಡಿ, ಲೋಕ ಬಿಟ್ಟಿಲ್ಲ. ಗಟ್ಟಿಮುಟ್ಟಾಗಿದ್ದಾರೆ. ಈಗ ತಾನೇ ಪಡಸಾಲೆಯಲ್ಲಿ ಕೂತು ಯಾರಿಗೋ ಬೈಯುತ್ತಿರುವುದು ಗೋಡೆಯಾಚೆಯಿಂದ ಕೇಳಿಸುತ್ತಿದೆ. ಉಗ್ರಾಣದ ಬೀಗದಕೈಯನ್ನು ತಾವೇ ಸೊಸೆಯ ಸೆರಗಿಗೆ ಕಟ್ಟಿ, "ಇನ್ನು ನೀನಾಯ್ತು, ನಿನ್ನ ಒಲೆ ಆಯ್ತು. ನಾನು ಉಣ್ಣೋ ಕೆಲ್ಸ ಮಾತ್ರ ನೋಡ್ಕತೀನಿ" ಅಂದರಂತೆ. ಸರ್ಕಾರಿ ನೌಕರ ನಿವೃತ್ತನಾದರೆ ಹಾರ ಹಾಕುತ್ತಾರೆ, ಭಾಷಣ ಮಾಡುತ್ತಾರೆ, ಕೈಗೊಂದು ಗಡಿಯಾರ ಕೊಡುತ್ತಾರೆ. ಜನ್ಮವೆಲ್ಲ ಒಲೆ ಮುಂದೆ ಕೂತವರಿಗೆ ಯಾರೂ ಹಾರ ತರಲಿಲ್ಲ. ಹಾರ ತರುವ ಯೋಗ್ಯತೆ ನನಗೂ ಇಲ್ಲ, ಭಾಷಣದ ಚಟ ಇದೆ. ಆದ್ದರಿಂದ ಇದು. ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ. ಬರೆಯದಿದ್ದರೂ ಯಾರ ವಿಷಯ ಅನ್ನುವುದು ನಮ್ಮ ಬೀದಿಯ ನಾಯಿಗೂ ಗೊತ್ತಾಗುತ್ತದೆ.

ನನ್ನ ವಿಷಯ ಎರಡು ಮಾತು. ಊರು ಯಳಂದೂರು. ಕೆಲಸ ಕೊಳ್ಳೇಗಾಲದ ಬಸ್ ಸ್ಟಾಂಡಿನಲ್ಲಿ, ಒಂದು ಖಾಸಗಿ ಸರ್ವೀಸಿನ ಟಿಕೆಟ್ ಗುಮಾಸ್ತ. ಊಟ, ನಿದ್ದೆ, ಬೈಸಿಕೊಳ್ಳುವುದು ಎಲ್ಲ ಈ ಬಾಡಿಗೆ ಮನೆಯಲ್ಲಿ, ಅಕ್ಕನ ಸಂಸಾರದ ಜೊತೆ. ದೇವರು ನನಗೆ ಎತ್ತರ ಕೊಡಲಿಲ್ಲ, ಬಣ್ಣ ಕೊಡಲಿಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೊಡಲಿಲ್ಲ. ಒಂದು ಗಂಟಲು ಕೊಟ್ಟ. ಅದರಲ್ಲಿ ಕಂಡಕ್ಟರು, ಹೆಡ್‌ಮಾಸ್ಟರು, ರೇಷ್ಮೆಗೂಡು ಹರಾಜು ಹಾಕುವವನು, ಅಗಸರ ಕತ್ತೆ, ಎಲ್ಲರೂ ಒಟ್ಟಿಗೆ ಸಂಸಾರ ಮಾಡುತ್ತಾರೆ. ನನ್ನ ಸ್ವಂತ ದನಿ ಯಾವುದು ಅಂತ ಕೇಳಿದರೆ ಸ್ವಲ್ಪ ಯೋಚನೆ ಮಾಡಿ ಹೇಳಬೇಕಾಗುತ್ತದೆ.

ಅಮ್ಮನವರನ್ನು ತಿಳಿಯಬೇಕಾದರೆ ಮೊದಲು ನಮ್ಮ ಕಡೆಯ ಊಟದ ಮರ್ಯಾದೆ ತಿಳಿಯಬೇಕು. ನಮ್ಮಲ್ಲಿ ಎಲೆ ಮುಂದೆ ಕೂತವನು "ಸಾಕು" ಅಂದರೆ ಅದು ಶುರು. ಎರಡನೇ "ಸಾಕು" ಅಂದರೆ ಸಾರು ಚೆನ್ನಾಗಿದೆ ಅಂತ. ಮೂರನೆಯದಕ್ಕೆ ಎಲೆಯ ಮೇಲೆ ಬಗ್ಗಿ ಎರಡೂ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಬೆರಳ ಸಂದಿಯಲ್ಲೇ ಸುರಿಯಬೇಕು. ಬೇಡ ಅಂದವನಿಗೆ ಬಡಿಸದೆ ಕಳಿಸಿದ ಮನೆಯನ್ನು ನೆಂಟರು ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಇಂಥ ಸೀಮೆಯಲ್ಲಿ ಹುಟ್ಟಿ, ಇಂಥ ಸೀಮೆಗೇ ಸೊಸೆಯಾಗಿ ಬಂದು, ನಮ್ಮ ಅಮ್ಮನವರು ಒಂದೇ ಸಲ ಕೇಳುತ್ತಿದ್ದರು. "ಇನ್ನೊಂದು ಮುದ್ದೆ?" ಅಷ್ಟೇ. ನೀವು "ಸಾಕು" ಅಂದಿರೋ, ಕೈ ಹಿಂದಕ್ಕೆ ಹೋಯಿತು, ಪಾತ್ರೆಗೆ ಮುಚ್ಚಳ ಬಿತ್ತು.

ನನಗೆ ಇದು ಗೊತ್ತಿರಲಿಲ್ಲ. ಬಾಡಿಗೆಗೆ ಬಂದ ಹೊಸದರಲ್ಲಿ ಊಟಕ್ಕೆ ಕರೆದರು. ಬೆಳಿಗ್ಗೆಯಿಂದ ಬಸ್ ಸ್ಟಾಂಡಿನಲ್ಲಿ ಕೂಗಿ ಕೂಗಿ ಹೊಟ್ಟೆ ಬೆನ್ನಿಗಂಟಿತ್ತು. ಬಿಸಿ ಮುದ್ದೆ, ಉಪ್ಸಾರು, ಅಂಚಿನಲ್ಲಿ ಖಾರ. ಮೊದಲ ಮುದ್ದೆ ಎಲ್ಲಿ ಹೋಯಿತು ಅಂತಲೇ ತಿಳಿಯಲಿಲ್ಲ. "ಇನ್ನೊಂದು?" ಅಂದರು. ಯಳಂದೂರಿನ ಮಾನ ಉಳಿಸಬೇಕಲ್ಲ, ತಲೆ ತಗ್ಗಿಸಿ "ಸಾಕು ಅಮ್ಮಾವ್ರೆ" ಅಂದೆ. ಮುಚ್ಚಳ ಬಿತ್ತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೈ ತೊಳೆಯುವ ನೆಪದಲ್ಲಿ ಎದ್ದು, ಬಸ್ ಸ್ಟಾಂಡಿನ ಹೋಟೆಲಿಗೆ ಓಡಿ, ಮೂರು ಇಡ್ಲಿ ತಿಂದೆ.

ಊರು ಅವರನ್ನು ಜುಗ್ಗಿ ಅನ್ನುತ್ತಿತ್ತು. ಮಗನ ಮದುವೆಯಲ್ಲಿ ಹನೂರಿನ ಬೀಗರು ನಾಚಿಕೆಗೆ ಒಮ್ಮೆ "ಒಬ್ಬಟ್ಟು ಸಾಕು" ಅಂದು, ಮತ್ತೆ ಆ ಒಬ್ಬಟ್ಟಿನ ಮುಖ ಕಾಣದೆ ಎದ್ದು ಹೋದರಂತೆ. ಸತ್ಯಮಂಗಲದ ಕಡೆಯ ನೆಂಟರು ತಮಿಳಿನಲ್ಲಿ "ಪೋದುಂ" ಅಂದಾಗಲೂ ಮೊದಲನೇ "ಪೋದುಂ"ಗೇ ಸೌಟು ಹಿಂದಕ್ಕೆ. ಯಾರಾದರೂ ಈ ಮಾತೆತ್ತಿದರೆ ಅಮ್ಮನವರು ಬಳೆಗಳನ್ನು ಮೊಣಕೈವರೆಗೆ ಸರಸರ ಏರಿಸುತ್ತಿದ್ದರು. ಬಳೆ ಏರಿತು ಅಂದರೆ ಮಾತು ಬರುತ್ತದೆ ಅಂತ ಅರ್ಥ. "ಬಾಯಿ ಅವರ್ದು, ಒಟ್ಟೆ ಅವರ್ದು. ಮದ್ಯೆ ನಾನ್ಯಾರು ಪಾರುಪತ್ಯಗಾರ್ತಿ? ಬೇಕಾದ್ರೆ ಬೇಕು ಅನ್ಲಿ. ಬಾಯಿಗೇನು ಬೀಗ ಆಕವ್ರಾ?"

ಜುಗ್ಗಿ ಅನ್ನುವುದು ಶುದ್ಧ ಸುಳ್ಳು. ಬೇಕು ಅಂದವನಿಗೆ ಅವರು ಹಾಕುತ್ತಿದ್ದ ರೀತಿ ನೋಡಬೇಕಿತ್ತು. ಒಂದು ಸಲ ಒಡೆಯರಪಾಳ್ಯದ ಟಿಬೆಟ್ ಶಿಬಿರದ ಮುದುಕರೊಬ್ಬರು ಬಸ್ಸು ತಪ್ಪಿಸಿಕೊಂಡು ನಮ್ಮ ಜಗಲಿಯ ಮೇಲೆ ಕೂತಿದ್ದರು. ನಮ್ಮ ಮಾತು ಅವರಿಗೆ ಬಾರದು, ಅವರ ಮಾತು ನಮಗೆ ಬಾರದು. ಅಮ್ಮನವರು ಅನ್ನದ ಪಾತ್ರೆ ತೋರಿಸಿ ಹುಬ್ಬು ಹಾರಿಸುವುದು, ಮುದುಕರು ತಲೆಯಾಡಿಸುವುದು, ಹೀಗೇ ಪಾತ್ರೆ ಬರಿದಾಗುವ ತನಕ ನಡೆಯಿತು. ಕೊನೆಗೆ ಅವರು ಕೈ ಅಡ್ಡ ಹಿಡಿದರು. ಅಮ್ಮ ನಿಲ್ಲಿಸಿದರು. ಎದುರು ಮನೆಯವರಾಗಿದ್ದರೆ ಆ ಪಾಪದ ಜೀವಕ್ಕೆ ಇನ್ನೊಂದು ಸೇರು ತುರುಕಿ ಬಸ್ಸಿಗೆ ಎತ್ತಿ ಹಾಕಬೇಕಾಗುತ್ತಿತ್ತು.

ಅಮ್ಮನವರು ಉಣ್ಣುವುದನ್ನು ನೋಡುವುದೇ ಒಂದು ಊಟ. ಬಳೆ ಏರಿಸಿ, ಕಾಲು ಮಡಿಸಿ, ಮುದ್ದೆಗೆ ಒಂದು ಗುಳಿ ಮಾಡಿ, ಉಪ್ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗುವರು. ಆಮೇಲೆ ಖಾರಕ್ಕೆ "ಹಾ" ಅಂತ ಒಂದು ಉಸಿರು. ಊರಿನವರನ್ನೆಲ್ಲ ಅಣಕಿಸಿದ ನನಗೆ ಆ "ಹಾ" ಮಾತ್ರ ಇವತ್ತಿಗೂ ಸರಿಯಾಗಿ ಬಂದಿಲ್ಲ. ಅದಕ್ಕೆ ಗಂಟಲು ಸಾಲದು, ಹಸಿವು ಬೇಕು.

ಈಗ ಮಾದುವಿನ ವಿಷಯ. ಮಾದು ನನ್ನ ಅಕ್ಕನ ಮಗ. ಮಲೆಯ ಮಾದಪ್ಪನ ಹರಕೆಯಿಂದ ಹುಟ್ಟಿದವನಾದ್ದರಿಂದ ಮಾದೇವ, ಕರೆಯುವುದು ಮಾದು. ಎರಡು ವರ್ಷದ ಆ ಪೋರ ಉಣ್ಣುತ್ತಿರಲಿಲ್ಲ. ಅನ್ನ ಕಂಡರೆ ಬಾಯಿ ಬಿಗಿ. ಮುದ್ದೆ ಕಂಡರೆ ಮುಖ ಗೋಡೆಗೆ. ಸೊಪ್ಪು ಕಂಡರೆ ಹಾವು ಕಂಡ ಹಾಗೆ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹೊಟ್ಟೆ ಒತ್ತಿ, ಕಣ್ಣು ಬಿಡಿಸಿ, "ಮಗು ಚೆನ್ನಾಗಿದೆ ಕಣಮ್ಮ, ಆಡ್ತಾನೆ ತಾನೆ?" ಅಂದರು. ಆಡುವುದಾ? ಇಡೀ ಬೀದಿಯನ್ನು ಆಡಿಸುತ್ತಿದ್ದ. ಅಕ್ಕನಿಗೆ ಸಮಾಧಾನವಾಗಲಿಲ್ಲ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಕೆಮ್ಮಿದೆವು, ಮಾದು ನಕ್ಕ.

ಇದು ಬರೀ ತಾಯಿಯ ಕೊರಗಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಅಕ್ಕನ ಅತ್ತೆ ಧನಗೆರೆಯಿಂದ ಬಂದರು. ಎತ್ತರದ ಆಳು, ಹಣೆ ತುಂಬ ವಿಭೂತಿ, ಮಾತಾಡಿದರೆ ಪಕ್ಕದ ಹೊಲದವರೂ ಎತ್ತು ನಿಲ್ಲಿಸಬೇಕು. ಮೊಮ್ಮಗನನ್ನು ಎತ್ತಿಕೊಂಡು ಬೆನ್ನು ಸವರಿದವರೇ, "ಇದೇನವ್ವಾ, ಮಗೀನ ಮೂಳೆ ಎಣಿಸಂಗದೆ! ನಾನೂ ಮಕ್ಳ ಸಾಕಿವ್ನಿ. ಒಂದಾದ್ರೂ ಇಂಗಿತ್ತಾ? ಉಣ್ಸಕೆ ಬರ್ದೇ ಓದ್ರೆ ಬರಲ್ಲ ಅನ್ನು, ಅದ್ರಲ್ಲೇನದೆ. ದೀಪಾವಳಿಗೆ ಬತ್ತೀನಿ. ಆಗ್ಲೂ ಇಂಗೇ ಇದ್ರೆ ಮಗೀನ ಧನಗೆರೆಗೆ ತಕಂಡೋಯ್ತೀನಿ. ಮೈ ಕೈ ತುಂಬ್ಕಂಡ್ ಮ್ಯಾಕೆ ಕಳಿಸ್ತೀನಿ" ಅಂದರು.

ಅತ್ತೆ ಕೆಟ್ಟವರಲ್ಲ. ಹೇಳಿದ್ದನ್ನು ಮಾಡುವವರು, ಅದೇ ಭಯ. ಅಕ್ಕ ಅಡುಗೆಮನೆಗೆ ಹೋದಳು. ಭಾವ ತಾಯಿಯ ಎದುರಿಗೇ ಉಣ್ಣುತ್ತಿದ್ದರು. ಅವರ ಗಮನವೆಲ್ಲ ಸಾರಿನ ಕರಿಬೇವನ್ನು ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುವುದರ ಮೇಲಿತ್ತು. ಬದನೆಕಾಯಿ ತಿನ್ನದ, ಕುಂಬಳಕಾಯಿ ಮುಟ್ಟದ, ಈರುಳ್ಳಿ ಹೆಕ್ಕುವ ಈ ಮಹಾನುಭಾವರಿಗೆ ಅಕ್ಕ ದಿನವೂ ಬೇರೆಯೇ ಒಂದು ಸಾರು ಮಾಡಬೇಕಿತ್ತು.

ಅತ್ತೆ ಬಸ್ಸು ಹತ್ತಿದ ಮೇಲೆ ನಾನು ಎದೆ ತಟ್ಟಿ ಮುಂದೆ ಬಂದೆ. "ಅಕ್ಕಾ, ನೀನು ತುತ್ತು ಹಿಡ್ಕೊ, ಬಾಯಿ ತೆಗೆಸೋ ಜವಾಬ್ದಾರಿ ನಂದು."

ತೆಗೆಸಿದೆ. "ಮಧುವನಹಳ್ಳಿ, ಕಾಮಗೆರೆ, ಹನೂರೂ... ಯಾರ್ರೀ ಹನೂರು? ಒಳಕ್ಕೋಗ್ರಿ, ಒಳಕ್ಕೆ... ರೈಟ್!" ಅಂತ ಕಂಡಕ್ಟರಾದೆ. ಮಾದು ಕಿಲಕಿಲ ನಕ್ಕ. ಬಾಯಿ ತೆರೆಯಿತು. ಅಕ್ಕ ತುತ್ತು ತುರುಕಿದಳು. ಗೆದ್ದೆವು! ವಾರದಲ್ಲಿ ಕಂಡಕ್ಟರು ಸಾಲದಾದ. ಹೆಡ್‌ಮಾಸ್ಟರು ಬಂದರು. ಆಮೇಲೆ ಗೂಡಿನ ಹರಾಜು. ಆಮೇಲೆ ಕತ್ತೆ. ಆಮೇಲೆ ಕತ್ತೆಯ ಮೇಲೆ ಹೆಡ್‌ಮಾಸ್ಟರು. ಅಕ್ಕಪಕ್ಕದ ಮನೆಯವರೆಲ್ಲ ಮಾದುವಿನ ಊಟದ ಹೊತ್ತಿಗೆ ಬಂದು ಜಾಗ ಹಿಡಿಯತೊಡಗಿದರು. ಮಾದು ಒಂದು ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು, ಮುಂದಿನ ಪಾತ್ರ ಬರುವ ತನಕ ನುಂಗದೆ ನನ್ನನ್ನೇ ನೋಡುತ್ತಿದ್ದ. ಪಾತ್ರ ಹಿಡಿಸದಿದ್ದರೆ ತುತ್ತನ್ನು ನನ್ನ ಮೇಲೆ ಉಗಿಯುತ್ತಿದ್ದ. ಕಲಾವಿದನಿಗೆ ಇದಕ್ಕಿಂತ ನೇರವಾದ ವಿಮರ್ಶೆ ಎಲ್ಲಿ ಸಿಕ್ಕೀತು? ನನಗೆ ಗಂಟಲು ಕಟ್ಟಿದ ದಿನ ಅವನಿಗೆ ಉಪವಾಸ.

ಅಂಥ ಒಂದು ಮಧ್ಯಾಹ್ನ ಅಮ್ಮನವರು ಬಾಗಿಲಲ್ಲಿ ನಿಂತು ಇಡೀ ಆಟ ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಳೆ ಏರಿತು.

"ಬೋ ಚೆಂದಾಗದೆ ಕಣ್ಲಾ. ಮಗ ಉಣ್ಣೋದು ಯಾವಾಗ?"

"ಉಣ್ತಾ ಅವ್ನಲ್ಲಾ ಅಮ್ಮಾವ್ರೆ."

"ಅಂವ ಉಣ್ತಾ ಇಲ್ಲ, ನಾಟ್ಕ ನೋಡ್ತಾ ಅವ್ನೆ. ಬಾಯಿ ತೆಗ್ಯೋದು ಟಿಕೀಟು. ದಿನಾ ಟಿಕೀಟು ಅರ್ದು ಕೊಡೋನು ನೀನು, ನಿಂಗಷ್ಟೂ ತಿಳೀಲಿಲ್ವಾ?"

ಗಂಟಲಲ್ಲಿದ್ದ ಕಂಡಕ್ಟರು ಕೈಕೊಟ್ಟ. ಕತ್ತೆಯೂ ಸಹಾಯಕ್ಕೆ ಬರಲಿಲ್ಲ. ಅಮ್ಮನವರು ಅಕ್ಕನ ಕಡೆ ತಿರುಗಿದರು. "ಬೆಳಿಗ್ಗಿಂದ ಮಗೀಗೆ ಏನೇನ್ ಕೊಟ್ಟೆ ಯೋಳವ್ವ."

ಎದ್ದ ಕೂಡಲೇ ಹಾಲು. ಅನ್ನ ಉಣ್ಣಲಿಲ್ಲ ಅಂತ ಬಾಳೆಹಣ್ಣು. ಅದೂ ಅರ್ಧಕ್ಕೆ ಬಿಟ್ಟ ಅಂತ ರಸ್ಕು. ಹೊಟ್ಟೆ ಹಸಿದಿರುತ್ತದಲ್ಲ ಅಂತ ಮತ್ತೆ ಸಕ್ಕರೆ ಹಾಕಿ ಹಾಲು.

"ಒಲೆ ತುಂಬ ಸೌದೆ ತುರುಕ್ಬುಟ್ಟು, ಉರಿ ಹತ್ನಿಲ್ಲ ಅಂತ ಊದ್ತಾ ಕುಂತಿದ್ದೀಯಲ್ಲ ಮಗ! ಸಂದಿ ಬೇಡ್ವಾ ಗಾಳಿ ಆಡಕೆ? ಅಸಿವು ಬರಕೆ ಒಂದು ದಾರಿ ಬುಡು."

"ಬಿಟ್ಟು... ಆಗ್ಲೂ ಉಣ್ಣದೇ ಇದ್ರೆ?"

"ಉಣ್ಣದೇ ಇದ್ರೆ ಉಣ್ಣಲ್ಲ. ಮುಂದ್ಲ ಊಟಕ್ಕೆ ಉಣ್ತಾನೆ."

"ದೀಪಾವಳಿಗೆ ಅತ್ತೆ ಬತ್ತಾರೆ ಅಮ್ಮಾವ್ರೆ. ಮಗೂನ ಕರ್ಕೊಂಡೋಯ್ತಾರೆ" ಅಂದಳು ಅಕ್ಕ. ಕೈಯಲ್ಲಿದ್ದ ತುತ್ತು ಹಾಗೇ ಬಟ್ಟಲಿಗೆ ಬಿತ್ತು.

ಅಮ್ಮನವರು ಸೆರಗಿನಿಂದ ಮಾದುವಿನ ಬಾಯಿ ಒರೆಸಿದರು. ಆಮೇಲೆ, "ನಾಳೆಯಿಂದ ಮಗೀಗೆ ಮಧ್ಯಾನದೂಟ ನಮ್ಮನೇಲಿ. ನೀನೂ ಬಾ. ಈ ನಾಟ್ಕದೋನು ಬರೋದಾದ್ರೆ ಬಾಯಿ ಮನೇಲಿ ಬುಟ್ಟು ಬರ್ಲಿ" ಅಂದು ಹೋದರು.

ಮಾರನೆಯ ದಿನ ಅವರ ಊಟದ ಮನೆಯಲ್ಲಿ ಮಾದುವಿಗೆ ಒಂದು ಪುಟ್ಟ ಹಿತ್ತಾಳೆ ತಟ್ಟೆ. ಅದರಲ್ಲಿ ಗೋಲಿಯಷ್ಟು ಮುದ್ದೆ, ಒಂದು ಹನಿ ಖಾರವಿಲ್ಲದ ಸಾರು, ಒಂದೇ ಒಂದು ಎಳೆ ಸೊಪ್ಪು. ಅದನ್ನು ಅವನ ಮುಂದಿಟ್ಟು ಅಮ್ಮನವರು ತಾವು ಉಣ್ಣಲು ಕೂತರು. ಕೂತವರು ಮಗುವಿನ ಕಡೆ ತಲೆ ಎತ್ತಲಿಲ್ಲ. ಅಕ್ಕನ ಹತ್ತಿರ ಮಳೆ, ಬೆಳೆ, ಮುಳ್ಳೂರಿನ ತಂಗಿಯ ಸೀರೆ, ಏನೇನೋ ಮಾತು. ಅಕ್ಕನ ಕಣ್ಣು ಮಗನ ಕಡೆ ಜಾರಿದರೆ, "ಅವ್ವಾ, ಇಲ್ನೋಡು" ಅನ್ನುವರು. ಮಾದು ನನ್ನನ್ನು ನೋಡಿದ. ನಾನು ಸೂರು ನೋಡಿದೆ. ನನ್ನ ಗಂಟಲಲ್ಲಿ ಕಂಡಕ್ಟರು ಒದ್ದಾಡುತ್ತಿದ್ದ. ಮಾದು ಕಾದು ಕಾದು, ಮುದ್ದೆಯ ಗೋಲಿ ತೆಗೆದು ನನ್ನ ಹಣೆಗೆ ಹೊಡೆದ. ಗುರಿ ಚೆನ್ನಾಗಿತ್ತು.

"ಇನ್ನೊಂದು ಬೇಕಾ?" ಅಂದರು ಅಮ್ಮನವರು. ಮಾದು ಬೇಡ ಅಂತ ತಲೆ ಅಲ್ಲಾಡಿಸಿದ. ತಟ್ಟೆ ಎತ್ತಿದರು. ಅಷ್ಟೇ. ಹಾಲಿಲ್ಲ, ಹಣ್ಣಿಲ್ಲ, ಬೈಗುಳವಿಲ್ಲ. ಅಕ್ಕನ ಮುಖ ನೋಡಬೇಕಿತ್ತು, ಮಗನನ್ನು ಕಾಡಿಗೆ ಬಿಟ್ಟು ಬಂದವಳ ಹಾಗಿತ್ತು. ಸಾಯಂಕಾಲ ಮಾದು ರಂಪ ಮಾಡಿದ. ರಾತ್ರಿ ಊಟಕ್ಕೆ ತಾನೇ ಬಂದು ಕೂತು, ನಾಲ್ಕು ಅಗುಳು ತಿಂದ, ಆರು ಅಗುಳು ಚೆಲ್ಲಿದ.

ಮಳೆಗಾಲವೆಲ್ಲ ಹೀಗೇ ನಡೆಯಿತು. ಪವಾಡ ಏನೂ ಆಗಲಿಲ್ಲ. ಮೊದಮೊದಲು ಮುದ್ದೆಯನ್ನು ಹಿಸುಕಿ ಬೊಂಬೆ ಮಾಡುತ್ತಿದ್ದ. "ಮಾಡ್ಲಿ ಬುಡು, ಪರಿಚಯ ಮಾಡ್ಕತಾ ಅವ್ನೆ" ಅನ್ನುವರು ಅಮ್ಮನವರು. ಒಂದು ದಿನ ಬೆರಳು ನೆಕ್ಕಿದ. ಸೊಪ್ಪಿನ ಎಳೆಯನ್ನು ಮಾತ್ರ ಹೆಕ್ಕಿ ನೆಲಕ್ಕೆ ಹಾಕುತ್ತಿದ್ದ. ಮಾರನೆ ದಿನ ಮತ್ತೆ ಒಂದು ಎಳೆ. ಮತ್ತೆ ನೆಲಕ್ಕೆ. ಒಂದು ದಿನ ನೆಲಕ್ಕೆ ಹಾಕದೆ ತಟ್ಟೆಯ ಅಂಚಿಗಿಟ್ಟ. ಅಮ್ಮನವರು ಅಕ್ಕನ ಕಿವಿಯಲ್ಲಿ, "ನೋಡ್ದಾ, ನೆಲದಿಂದ ಅಂಚಿಗೆ ಬಂದ. ಅಂಚಿಂದ ಬಾಯಿಗೆ ಎಷ್ಟು ದೂರ? ಅವ್ರಪ್ಪ ಇನ್ನೂ ಅಂಚಲ್ಲೇ ಕುಂತವ್ನೆ" ಅಂದರು. ಬಹಳ ದಿನದ ಮೇಲೆ ಅಕ್ಕ ನಕ್ಕಿದ್ದು ಅವತ್ತು.

ನಾವು ಎಡವಿದ್ದೂ ಉಂಟು. ಒಂದು ಮಧ್ಯಾಹ್ನ ಮಾದು ಯಾರೂ ಹೇಳದೆ ಇಡೀ ಗೋಲಿಯನ್ನು ಬಾಯಿಗಿಟ್ಟುಕೊಂಡು ನುಂಗಿಬಿಟ್ಟ. ಅಕ್ಕ ಚಪ್ಪಾಳೆ ತಟ್ಟಿ "ಉಂಡ! ನನ್ನಪ್ಪ ಉಂಡ!" ಅಂತ ಕೂಗಿದಳು. ನನ್ನ ಗಂಟಲಿನಿಂದ ಕಂಡಕ್ಟರು ಹಾರಿ ಬಂದು "ರೈಟ್!" ಅಂದ. ಮಾದು ನಮ್ಮಿಬ್ಬರನ್ನೂ ನೋಡಿದ. ಓಹೋ, ಈ ಅಂಗಡಿಯಲ್ಲಿ ಇನ್ನೂ ನಾಟಕ ಸಿಗುತ್ತದೆ ಅಂತ ಅವನಿಗೆ ಹೊಳೆಯಿತು. ಮತ್ತೆ ಎರಡು ದಿನ ಬಾಯಿ ಬಿಗಿ. ಅಮ್ಮನವರ ಬಳೆ ಮೊಣಕೈ ದಾಟಿ ಏರಿತು. "ಮಗ ಉಸುರಾಡಿದ್ಕೂ ಚಪ್ಪಾಳೆ ತಟ್ಟೀರಾ ನೀವು? ಉಣ್ಣೋದೇನು ದೊಂಬರಾಟವಾ? ಅಸಿವಾಯ್ತು, ಉಂಡ. ಮುಗೀತು."

ದೀಪಾವಳಿ ಬಂತು. ಮಾದು ಈಗ ಪಂಕ್ತಿಯಲ್ಲಿ ಕೂತು ತನ್ನ ಕೈಯಿಂದ ತಾನೇ ಉಣ್ಣುತ್ತಿದ್ದ, ನಿಜ. ಆದರೆ ತನಗೆ ಬೇಕಾದಷ್ಟು. ಆ ಬೇಕಾದಷ್ಟು ಅನ್ನುವುದನ್ನು ನೋಡಿದರೆ ಗುಬ್ಬಚ್ಚಿಗೂ ಅಯ್ಯೋ ಅನ್ನಿಸಬೇಕು. ಬೆನ್ನಿನ ಮೂಳೆ ಇದ್ದ ಜಾಗದಲ್ಲೇ ಇತ್ತು. ಅವನು ಹುಟ್ಟಿದ್ದೇ ತೆಳ್ಳಗೆ, ನಮ್ಮ ವಂಶವೇ ತೆಳ್ಳಗೆ, ನನ್ನನ್ನು ನೋಡಿದರೆ ಸಾಕು. ಆದರೆ ಧನಗೆರೆಯವರಿಗೆ ಇದನ್ನು ಹೇಳುವವರು ಯಾರು? ಹಬ್ಬದ ಹಿಂದಿನ ದಿನ ಅಕ್ಕ ಮಾದುವಿನ ಪುಟ್ಟ ಅಂಗಿಗಳನ್ನೆಲ್ಲ ಒಗೆದು, ಒಣಗಿಸಿ, ಮಡಿಸಿ, ಒಂದು ಟವೆಲಿನಲ್ಲಿ ಗಂಟು ಕಟ್ಟಿ ಇಟ್ಟಿದ್ದಳು. ನನಗೂ ಆ ದಿನ ಯಾವ ದನಿಯೂ ಬರಲಿಲ್ಲ.

ಅತ್ತೆ ಬೆಳಗಿನ ಬಸ್ಸಿಗೆ ಇಳಿದರು. ಒಂದು ಕೈಯಲ್ಲಿ ತುಪ್ಪದ ಡಬ್ಬಿ, ಇನ್ನೊಂದು ಕೈಯಲ್ಲಿ ಬಾಳೆಗೊನೆ. ಮಾದುವನ್ನು ಎತ್ತಿಕೊಂಡು, ಬೆನ್ನು ಸವರಿ, ಕೆಳಗಿಳಿಸಿದರು. "ಬಟ್ಟೆ ಕಟ್ಟವ್ವ" ಅಂದರು. ಬೇಸರದಿಂದಲೇ ಅಂದರು, ಸಿಟ್ಟಿನಿಂದಲ್ಲ.

ಆಗ ಅಮ್ಮನವರು ಬಾಗಿಲಿಗೆ ಬಂದರು. "ಬನ್ನಿ ಅಕ್ಕಾ, ಬನ್ನಿ. ಅಬ್ಬದೂಟ ನಮ್ಮನೇಲಿ, ನಿಮ್ದೆಲ್ಲಾರ್ದೂ. ಉಂಡ್ ಮ್ಯಾಕೆ ಮಿಕ್ಕಿದ್ ಮಾತು." ಎರಡು ಮನೆಯವರೂ ಲಿಂಗ ಕಟ್ಟಿದವರೇ, ಪಂಕ್ತಿಗೆ ಅಡ್ಡಿಯಿರಲಿಲ್ಲ.

ಎಲೆ ಹಾಕಿದರು. ಅತ್ತೆ, ಭಾವ, ನಾನು, ಪಕ್ಕದಲ್ಲಿ ಹಿತ್ತಾಳೆ ತಟ್ಟೆಯ ಮುಂದೆ ಮಾದು. ಒಬ್ಬಟ್ಟು ಬಂತು. ಎರಡು ತಿಂದ ಅತ್ತೆ, ಸಂಪ್ರದಾಯದಂತೆ, "ಸಾಕು" ಅಂದರು. ಅಯ್ಯೋ ಪಾಪ, ಈ ಹೆಂಗಸು ಹಸಿದುಕೊಂಡೇ ಧನಗೆರೆ ಸೇರುತ್ತದೆ ಅಂತ ನಾನು ಮರುಗುತ್ತಿರುವಾಗಲೇ ನನ್ನ ಕಣ್ಣೆದುರು ಆಗಬಾರದ್ದು ಆಗಿಹೋಯಿತು.

"ಅದೆಂಗಾದದು ಅಕ್ಕಾ! ಧನಗೆರೆಯಿಂದ ಬಂದು ಎರಡಕ್ಕೇ ಏಳೋದಾ?" ಅಂದು ಅಮ್ಮನವರು ಇನ್ನೊಂದು ಒಬ್ಬಟ್ಟು ಹಾಕಿಬಿಟ್ಟರು! ಅಡುಗೆಮನೆ ಬಾಗಿಲಲ್ಲಿದ್ದ ಅವರ ಸೊಸೆ ಸೌಟು ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಅತ್ತೆಗೆ ಸಂತೋಷವಾಯಿತು. ಮರ್ಯಾದೆ ಅಂದರೆ ಇದು. ತಿಂದರು. "ಸಾಕು ಕಣಕ್ಕ" ಅಂದರು, ಈ ಸಲ ನಿಜವಾಗಿ.

"ಇದು ನಿಮ್ ಮಗನ ಎಸ್ರಲ್ಲಿ" ಅಂತ ಒಂದು ಬಿತ್ತು. "ಇದು ಮಾದಪ್ಪನ ಎಸ್ರಲ್ಲಿ. ಮಾದಪ್ಪನ್ನೇ ಬ್ಯಾಡ ಅಂದೀರಾ?" ಅಂತ ಇನ್ನೊಂದು. ಅನ್ನ ಬಂತು. ಅತ್ತೆ ಎಲೆಗೆ ಕೈ ಅಡ್ಡ ಹಿಡಿದರು, ಬೆರಳ ಸಂದಿಯಲ್ಲಿ ಸಾರು ಬಂತು. "ಒಟ್ಟೆ ಬಿರೀತದೆ ಕಣಕ್ಕಾ!" ಅಂದರು. ಹಣೆಯ ಬೆವರಿಗೆ ವಿಭೂತಿ ಕರಗುತ್ತಿತ್ತು. ಅಮ್ಮನವರು ಕೇಳಲಿಲ್ಲ. ಎದುರಿಗೇ ಕೂತು, ಬಳೆ ಏರಿಸಿ, ಅನ್ನ ಕಲಸಿ, ಒಂದು ತುತ್ತು ಮಾಡಿ ಅತ್ತೆಯ ಬಾಯ ಹತ್ತಿರ ಹಿಡಿದರು. "ಇದೊಂದು ತುತ್ತು ನನ್ನ ಕೈಯಿಂದ. ಆ... ಅನ್ನಿ."

ಅತ್ತೆ ತುಟಿ ಬಿಗಿ ಹಿಡಿದು, ಗದ್ದ ಹೆಗಲಿಗೆ ಒತ್ತಿ, ಮುಖವನ್ನು ಗೋಡೆಗೆ ತಿರುಗಿಸಿ, ಎಡಗೈಯಿಂದ ಆ ತುತ್ತನ್ನು ತಳ್ಳಿದರು.

ನಾನು ಅಣಕಿಸುವ ಕಸುಬಿನವನು. ಮಾದು ಮುಖ ತಿರುಗಿಸುವುದನ್ನು ತಿಂಗಳುಗಟ್ಟಲೆ ನೋಡಿದವನು. ಆ ಗದ್ದ, ಆ ಹೆಗಲು, ಆ ತುಟಿ, ಒಂದು ಗೆರೆ ವ್ಯತ್ಯಾಸವಿಲ್ಲ. ನನ್ನಿಂದ ನಗು ತಡೆಯಲಾಗಲಿಲ್ಲ. ಅಕ್ಕ ನೋಡಿದಳು. ಭಾವ ಕರಿಬೇವು ಬಿಟ್ಟು ತಲೆ ಎತ್ತಿದರು. ಅಮ್ಮನವರು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು.

"ತೆಪ್ಪಾಯ್ತು ಅಕ್ಕಾ. ಸಾಕು ಅಂದ್ರೂ ತುರುಕಿದೆ. ಕ್ವಾಪ ಬಂತಾ?"

"ಬರ್ದೇ ಇದ್ದಾತಾ? ಒಟ್ಟೆ ನಂದು, ಸಾಕು ಅಂತ ನಾನು ಬಡ್ಕತಾ ಇವ್ನಿ, ನೀವು..." ಅಂದ ಅತ್ತೆಯ ಮಾತು ಅಲ್ಲಿಗೇ ನಿಂತಿತು.

ಪಕ್ಕದಲ್ಲಿ ಮಾದು, ಈ ಗಲಾಟೆಯಲ್ಲಿ ಯಾರ ಕಣ್ಣೂ ತನ್ನ ಮೇಲಿಲ್ಲದ ನೆಮ್ಮದಿಯಲ್ಲಿ, ತಟ್ಟೆ ಬರಿದು ಮಾಡಿ ಬೆರಳು ನೆಕ್ಕುತ್ತಿದ್ದ. ಅಮ್ಮನವರು ಅವನನ್ನು ಕೇಳಿದರು, ಒಂದೇ ಸಲ. "ಇನ್ನೊಂದು ಬೇಕಾ ಮಗ?"

"ಸಾಕು" ಅಂದ ಮಾದು. ಅಂದು, ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ಆಡತೊಡಗಿದ.

"ಅಷ್ಟೇನಾ?" ಅಂದರು ಅತ್ತೆ.

"ಈಗಿಷ್ಟು. ಸಂಜೆಗೆ ಅವ್ನೇ ಕೇಳ್ತಾನೆ."

ಅತ್ತೆ ಬಹಳ ಹೊತ್ತು ಮೊಮ್ಮಗನನ್ನು ನೋಡಿದರು. ಆಮೇಲೆ ತಮ್ಮ ಮಗನನ್ನು ನೋಡಿದರು. ಮಗನ ಎಲೆಯ ಅಂಚನ್ನು ನೋಡಿದರು. ಅಲ್ಲಿ ಕರಿಬೇವು, ಸಾಸಿವೆ, ಕೋಸಿನ ಚೂರು, ಎಲ್ಲ ಕವಾಯತಿಗೆ ನಿಂತ ಹಾಗೆ ಸಾಲಾಗಿದ್ದವು. "ಇವ್ನಿಗೂ ನಾನು ಇಂಗೇ ತುರುಕಿದ್ದು" ಅಂದರು ನಿಧಾನವಾಗಿ. "ಗುಮ್ಮ ಬತ್ತಾನೆ ಅಂತ ಎದರ್ಸಿ, ಮೂಗು ಇಡ್ದು. ಒಂದ್ ದಿನಾನೂ ಸಾಕಾ ಬೇಕಾ ಅಂತ ಕೇಳ್ನಿಲ್ಲ."

ಭಾವ ಎಲೆ ಮಡಚಿದರು.

"ಆ ಗಂಟು ಬಿಚ್ಚವ್ವ" ಅಂದರು ಅತ್ತೆ ಅಕ್ಕನಿಗೆ. "ಮಗ ಇಲ್ಲೇ ಇರ್ಲಿ."

ಅಕ್ಕ ಕಂಬ ಹಿಡಿದು ನಿಂತಿದ್ದಳು. ಅಮ್ಮನವರು ಒಂದು ಎಲೆ ತಂದು ಅವಳ ಮುಂದೆ ಹಾಕಿ, ಒಬ್ಬಟ್ಟಿನ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟರು. "ನಿಮ್ ಸೊಸೆ ಬೆಳಿಗ್ಗಿಂದ ಉಂಡಿಲ್ಲ. ನೀವೇ ಬಡ್ಸಿ. ನನ್ ಕೈ ಸೋತದೆ."

ಅತ್ತೆ ಕೈ ತೊಳೆದು ಬಂದು ಬಡಿಸಿದರು. ಅಕ್ಕ ತಲೆ ತಗ್ಗಿಸಿ ಒಂದು ತಿಂದಳು. "ಇನ್ನೊಂದು?" ಅಂದರು ಅತ್ತೆ. ಮದುವೆಯಾದಂದಿನಿಂದ ಅತ್ತೆಯೆದುರು ಊಟದಲ್ಲಿ ಬೇರೆ ಮಾತೇ ಆಡದ ಅಕ್ಕ, ಈಗಲೂ "ಸಾಕು" ಅಂದಳು. ಅತ್ತೆಯ ಕೈ ಒಬ್ಬಟ್ಟು ಹಿಡಿದುಕೊಂಡು ಎಲೆಯ ಮೇಲೆ ಗಾಳಿಯಲ್ಲೇ ನಿಂತಿತು. ಆ ಕೈಗೆ ಹಿಂದಕ್ಕೆ ಹೋಗಿ ಅಭ್ಯಾಸವೇ ಇರಲಿಲ್ಲ. ಆದರೂ ಹೋಯಿತು. ಒಬ್ಬಟ್ಟು ಮತ್ತೆ ತಟ್ಟೆಗೆ ಸೇರಿತು.

ಅಕ್ಕ ಆ ತಟ್ಟೆಯನ್ನು ನೋಡಿದಳು. ನಮ್ಮನ್ನು ನೋಡಿದಳು. ಆಮೇಲೆ ಅತ್ತೆಯ ಮುಖವನ್ನೇ ನೇರವಾಗಿ ನೋಡಿ, "ಬೇಕು ಅತ್ತೆ" ಅಂದಳು. "ಇನ್ನೆರಡು ಹಾಕಿ. ತುಂಬಾ ಹಸಿವಾಯ್ತಾ ಅದೆ."

ಅತ್ತೆ ಎರಡು ಹಾಕಿದರು. ತುಪ್ಪವನ್ನು ಮಾತ್ರ ಕೇಳದೆ ಸುರಿದರು.